ಮದರ್ಸ್ ಡೇ: ಒಬ್ಬ ಅಮ್ಮನದೋ, ಅಮ್ಮಂದಿರದೋ?

ಮೇ ತಿಂಗಳ ಎರಡನೇ ಭಾನುವಾರ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಎರಡು ಮೆಸೇಜು ಖಾತ್ರಿ. ಒಂದು, ಗುಲಾಬಿ ಚಿತ್ರದ ಮೇಲೆ ‘ವಿಶ್ವ ತಾಯಿಂದಿರ ದಿನದ ಶುಭಾಶಯ’. ಅದರ ಕೆಳಗೇ ಚಿಕ್ಕಪ್ಪನ ಉತ್ತರ: ‘ಇದೆಲ್ಲ ಕಾರ್ಡ್ ಕಂಪನಿಯವರು ಹುಟ್ಟಿಸಿದ್ದು.’ ಈ ಸಲವೂ ಎರಡೂ ಬಂದವು. ಎರಡೂ ತಪ್ಪು.

ಚಿಕ್ಕಪ್ಪನಿಂದಲೇ ಶುರು ಮಾಡೋಣ. ಕಾರ್ಡಿನವರು ಬಂದದ್ದು ಆಮೇಲೆ. ಮೊದಲು ಬಂದದ್ದು ಟೈಫಾಯ್ಡ್.

1858ರಲ್ಲಿ, ಅಮೆರಿಕದಲ್ಲಿ ಈಗ ವೆಸ್ಟ್ ವರ್ಜೀನಿಯ ಅನ್ನುವ ಗುಡ್ಡಗಾಡಿನಲ್ಲಿ, ಟೈಫಾಯ್ಡ್‌ನಂಥ ರೋಗಕ್ಕೆ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, ಆನ್ ರೀವ್ಸ್ ಜಾರ್ವಿಸ್ ಎಂಬಾಕೆ ಊರೂರಿನ ಹೆಂಗಸರನ್ನು ಸೇರಿಸಿ ‘ಮದರ್ಸ್ ಡೇ ವರ್ಕ್ ಕ್ಲಬ್’ ಕಟ್ಟಿದರು. ಅವರು ಹೆತ್ತ ಮಕ್ಕಳು ಹತ್ತಕ್ಕಿಂತ ಜಾಸ್ತಿ, ದೊಡ್ಡವರಾಗಿ ಉಳಿದವರು ನಾಲ್ಕೇ ಜನ. ಕ್ಲಬ್ ಅಂದರೆ ಕಿಟ್ಟಿ ಪಾರ್ಟಿ ಅಲ್ಲ. ಮಕ್ಕಳು ಕುಡಿಯುವ ಹಾಲು ಶುದ್ಧವಾಗಿದೆಯಾ ಅಂತ ಪರೀಕ್ಷೆ ಮಾಡುತ್ತಿದ್ದರು. ಔಷಧಿಗೆ ಚಂದಾ ಎತ್ತುತ್ತಿದ್ದರು. ತಾಯಿಗೆ ಕ್ಷಯ ಬಂದ ಮನೆಗೆ ಸಂಬಳ ಕೊಟ್ಟು ಕೆಲಸದವರನ್ನು ಇಡುತ್ತಿದ್ದರು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂದಾಗ ಎರಡೂ ಕಡೆಯ ಸೈನಿಕರಿಗೆ ಆರೈಕೆ ಮಾಡಿದರು. ಯುದ್ಧ ಮುಗಿದ ಮೇಲೆ, 1868ರಲ್ಲಿ, ಅದೇ ಎರಡು ಕಡೆಯವರನ್ನು ಪ್ರಂಟಿಟೌನಿನ ಕೋರ್ಟಿನ ಹತ್ತಿರ ಒಟ್ಟಿಗೆ ಸೇರಿಸಿದರು. ಗಲಾಟೆ ಆಗುತ್ತದೆ ಅಂತ ಹೆದರಿದವರು ಇದ್ದರು.

ಎರಡು ವರ್ಷ ಬಿಟ್ಟು, ಬಾಸ್ಟನ್ನಿನ ಕವಯಿತ್ರಿ ಜೂಲಿಯಾ ವಾರ್ಡ್ ಹೋವ್ ಯುದ್ಧದ ವಿರುದ್ಧ ಜಗತ್ತಿನ ಹೆಂಗಸರಿಗೆ ಕರೆ ಕೊಟ್ಟರು. ಶಾಂತಿಗಾಗಿ ತಾಯಂದಿರ ದಿನ ಅಂತ ಅವರು ಕೇಳಿದ್ದು ಜೂನ್ 2. ಹೂವಿನ ಮಾತೇ ಇರಲಿಲ್ಲ.

ಈಗ ನನ್ನ ತಲೆ ತಿನ್ನುವ ವಿಷಯ: ಅಪಾಸ್ಟ್ರಫಿ, ಅಂದರೆ ಇಂಗ್ಲಿಷಿನಲ್ಲಿ ‘ಇಂಥವರ’ ಅನ್ನಲು ಪದದ ಮೇಲೆ ಇಡುವ ಚುಕ್ಕೆ. ಆನ್ ಅವರ ಕ್ಲಬ್ಬಿನ ಹೆಸರಿನಲ್ಲಿ ಆ ಚುಕ್ಕೆ ‘ಎಸ್’ ಆದಮೇಲೆ ಬರುತ್ತದೆ (Mothers’). ಅಂದರೆ ಬಹುವಚನ, ತಾಯಂದಿರು ಸೇರಿ ಕೆಲಸ ಮಾಡುವ ದಿನ. 1905ರಲ್ಲಿ ಅವರು ತೀರಿಕೊಂಡರು. ಮಗಳು ಆನಾ ಜಾರ್ವಿಸ್ (ಹೆಸರು ಹೀಗಿರುವುದರಿಂದ ತಾಯಿ ಮಗಳನ್ನು ಒಬ್ಬರೇ ಮಾಡಿಬಿಡುವವರೂ ಇದ್ದಾರೆ) ಅದೇ ಚುಕ್ಕೆಯನ್ನು ‘ಎಸ್’ಗಿಂತ ಮುಂಚೆ ಇಟ್ಟರು (Mother’s). ಅವರ ಹಠ ಏಕವಚನದ್ದು: ಪ್ರತಿಯೊಬ್ಬರೂ ತಮ್ಮ ತಮ್ಮ ಅಮ್ಮನನ್ನು ನೆನೆಯಬೇಕು, ಊರಿನ ಅಮ್ಮಂದಿರನ್ನೆಲ್ಲ ಅಲ್ಲ. 1908ರ ಮೇ 10ರಂದು ವೆಸ್ಟ್ ವರ್ಜೀನಿಯದ ಗ್ರಾಫ್ಟನ್ ಊರಿನ ಚರ್ಚಿಗೆ ಅಮ್ಮನಿಗೆ ಇಷ್ಟವಾದ ಬಿಳಿ ಕಾರ್ನೇಷನ್ ಹೂವು 500 ಕಳಿಸಿದರು. ಪತ್ರ ಬರೆದೂ ಬರೆದೂ 1914ರಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಅವರಿಂದ ಮೇ ತಿಂಗಳ ಎರಡನೇ ಭಾನುವಾರ ಮದರ್ಸ್ ಡೇ ಅಂತ ಘೋಷಣೆ ಹೊರಡಿಸಿದರು.

ಒಂದು ಚುಕ್ಕೆ ಹಿಂದೆ ಸರಿದದ್ದೇ ತಡ, ಹಾಲು, ಔಷಧಿ, ಯುದ್ಧ ಎಲ್ಲ ಹೊರಗೆ ಹೋಯಿತು. ಉಳಿದದ್ದು ಹೂವು. ಹೂವಿನ ಅಂಗಡಿಯವರು ಬಿಟ್ಟಾರಾ? ರೇಟು ಏರಿಸಿದರು. ಕೈಯಲ್ಲಿ ನಾಲ್ಕು ಸಾಲು ಬರೆಯಲಾಗದವರಿಗೆ ಅಂಗಡಿಯ ಕಾರ್ಡು ಬಂತು. ಆನಾ ಕೆಂಡವಾದರು. 1925ರಲ್ಲಿ ಫಿಲಡೆಲ್ಫಿಯಾದಲ್ಲಿ, ಯುದ್ಧಕ್ಕೆ ಮಕ್ಕಳನ್ನು ಕಳಿಸಿದ್ದ ತಾಯಂದಿರ ಸಂಘದವರು ಕಾರ್ನೇಷನ್ ಮಾರುತ್ತಿದ್ದಾರೆ ಅಂತ ಸಭೆಗೆ ನುಗ್ಗಿ, ಶಾಂತಿಭಂಗದ ಕೇಸು ಹಾಕಿಸಿಕೊಂಡರು. ಅಮ್ಮಂದಿರ ದಿನ ಶುರು ಮಾಡಿದಾಕೆಯ ಜಗಳ ಅಮ್ಮಂದಿರ ಜೊತೆಗೇ! ಅವರಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಇದ್ದ ದುಡ್ಡೆಲ್ಲ ಈ ಜಗಳಕ್ಕೇ ಹೋಯಿತು.

ಕನ್ನಡದಲ್ಲಿ ‘ಮದರ್ಸ್ ಡೇ’ ಅಂತ ಬರೆದರೆ ಆ ಚುಕ್ಕೆಯೇ ಮಾಯ, ಯಾರ ಪಕ್ಷ ಅಂತ ಗೊತ್ತಾಗುವುದಿಲ್ಲ. ಆದರೆ ‘ಅಮ್ಮಂದಿರ ದಿನ’ ಅಂದಕೂಡಲೇ ನಾವು ಮಗಳನ್ನು ಬಿಟ್ಟು ತಾಯಿಯ ಪಕ್ಷ ಸೇರಿದ ಹಾಗೆ. ಆನಾ ಅವರಿಗೆ ಕನ್ನಡ ಬಂದಿದ್ದರೆ ‘ಅಮ್ಮನ ದಿನ’ ಅಂತ ತಿದ್ದುತ್ತಿದ್ದರು. ನನಗೇನೋ ಬಹುವಚನವೇ ಇಷ್ಟ.

ಇನ್ನು ಆ ‘ವಿಶ್ವ’. ಬ್ರಿಟನ್ನಿನವರಿಗೆ ಇದು ಈಸ್ಟರ್‌ಗೆ ಮುಂಚಿನ ಬೇರೆಯದೇ ಭಾನುವಾರ, ಮೂಲವೂ ಬೇರೆ. ಥಾಯ್ಲೆಂಡಿನಲ್ಲಿ ಆಗಸ್ಟ್ 12, ಇಂಡೋನೇಷ್ಯಾದಲ್ಲಿ ಡಿಸೆಂಬರ್ 22. ಯಾವ ವಿಶ್ವ? ಮತ್ತೆ ‘ತಾಯಿಂದಿರ’ ಅಲ್ಲ, ತಾಯಿ ಜೊತೆ ‘ಅಂದಿರು’ ಸೇರಿದರೆ ‘ತಾಯಂದಿರು’. ಫಾರ್ವರ್ಡ್ ಮಾಡುವ ಮುಂಚೆ ಅಷ್ಟಾದರೂ ತಿದ್ದಿ.