ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಮಾತಾಡಬಹುದು

"ಪಾಣಿ ನಮ್ ಯಜಮಾನ್ರ ಹೆಸ್ರಲ್ಲೈತೆ ಮೇಡಂ, ನಾವೇನು ಮಾತಾಡೋದು?"

ಈ ಮಾತನ್ನು ಹದಿನೇಳು ವರ್ಷದಿಂದ ಕೇಳುತ್ತಿದ್ದೇನೆ. ಸೋಲಾರ್ ಬರುವ ಊರಲ್ಲಿ ಕೇಳಿದ್ದೇನೆ, ಗಾಳಿ ಫ್ಯಾನು ನಿಲ್ಲಿಸುವ ಗುಡ್ಡದ ಕೆಳಗೆ ಕೇಳಿದ್ದೇನೆ, ಸಕ್ಕರೆ ಕಾರ್ಖಾನೆ ಪಕ್ಕದ ಹಳ್ಳಿಗಳಲ್ಲಂತೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಇಂಥ ಯೋಜನೆ ಬರುವ ಊರಿಗೆ ಹೋಗಿ, ಸಭೆಗೆ ಮುಂಚೆ ಜನರ ಜೊತೆ ಕೂತು, ಅವರ ಅಹವಾಲನ್ನು ಕಾಗದಕ್ಕೆ ಇಳಿಸಲು ನೆರವಾಗುವುದು ನನ್ನ ಕೆಲಸ. ಹೊಗೆ, ನೀರು, ಧೂಳು, ದಾರಿ, ಎಲ್ಲದರ ಬಗ್ಗೆ ಹೆಂಗಸರಿಗೆ ಗೊತ್ತಿರುತ್ತದೆ. ಮನೆ ಜಗಲಿಯಲ್ಲಿ ಕೂತಾಗ ಒಂದೊಂದನ್ನೂ ಬಿಡಿಸಿ ಹೇಳುತ್ತಾರೆ. ಸಭೆಗೆ ಬನ್ನಿ ಅಂದ ತಕ್ಷಣ ಪಹಣಿ ಅಡ್ಡ ಬರುತ್ತದೆ.

ಅದಕ್ಕೇ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಜಾಸ್ತಿಯೇ ಎಳೆದು ಹೇಳುತ್ತೇನೆ.

ಪರಿಸರ ಪರಿಣಾಮದ ಅಂದಾಜಿಗೆ ಅಂತ ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್ 14ರಂದು ಒಂದು ಅಧಿಸೂಚನೆ ಹೊರಡಿಸಿತು. ಗಣಿ, ಉಷ್ಣ ವಿದ್ಯುತ್ ಸ್ಥಾವರ, ಡಿಸ್ಟಿಲರಿ ಮುಂತಾದ ಯೋಜನೆಗಳಿಗೆ ನಡೆಯುವ ಸಾರ್ವಜನಿಕ ಅಹವಾಲು ಸಭೆ ಇದರ ಕೆಳಗೇ ಬರುತ್ತದೆ. ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸಭೆ ನಡೆಸಬೇಕು. ಸಭೆಗೆ ಬಂದ ಪ್ರತಿಯೊಬ್ಬರಿಗೂ ಯೋಜನೆಯ ಬಗ್ಗೆ ಪ್ರಶ್ನೆ ಕೇಳಲು ಅವಕಾಶ ಕೊಡಬೇಕು. ಪ್ರತಿಯೊಬ್ಬರಿಗೂ ಅಂದರೆ ಪ್ರತಿಯೊಬ್ಬರಿಗೂ. ಜಮೀನು ಇರಬೇಕು ಅಂತ ಎಲ್ಲೂ ಬರೆದಿಲ್ಲ. ಗಂಡನ ಒಪ್ಪಿಗೆ ಬೇಕಿಲ್ಲ, ಸಂಘದ ಸದಸ್ಯರಾಗಿರಬೇಕಿಲ್ಲ. ಅಕ್ಕಪಕ್ಕದ ಊರಲ್ಲಿ ಬಾಡಿಗೆ ಮನೆಯಲ್ಲಿದ್ದೀರಾ? ಮಾತಾಡಬಹುದು. ಕೂಲಿಗೆ ಬಂದು ನೆಲೆಸಿದವರಾ? ಮಾತಾಡಬಹುದು. ಸಭೆಗೆ ಹೋಗಲು ಆಗಲ್ವಾ? ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕಳಿಸಬಹುದು. ನಿಮ್ಮ ಮಾತು ದಾಖಲೆಗೆ ಸೇರಿದ ಮೇಲೆ, ಅದರಲ್ಲಿರುವ ಪರಿಸರದ ತೊಂದರೆಗೆ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು.

ಗ್ರಾಮಸಭೆಯೂ ಅಷ್ಟೇ. ಅಲ್ಲಿ ಬೇಕಾಗಿರುವುದು ಮತದಾರರ ಪಟ್ಟಿಯಲ್ಲಿ ಹೆಸರು. ವೋಟು ಹಾಕುವಾಗ ಯಾರಾದರೂ ಪಹಣಿ ಕೇಳಿದ್ದಾರಾ? ಇದನ್ನು ಹೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಹೌದಲ್ವಾ" ಅನ್ನುತ್ತಾರೆ. ಮಾರನೇ ದಿನ ಮತ್ತೆ ಯಾರೋ ಬಂದು, "ನಮ್ ಪಾಣಿ ಮಾವನ ಹೆಸ್ರಲ್ಲೈತೆ, ಆದ್ರೂ ಬರಬೋದಾ?" ಅಂತ ಕೇಳುತ್ತಾರೆ. ಬರಬಹುದಮ್ಮ. ಖಂಡಿತ ಬರಬಹುದು.

ಹೆಂಗಸರಿಗೆ ಈ ತಪ್ಪು ತಿಳಿವಳಿಕೆ ಸುಮ್ನೆ ಬಂದಿದ್ದಲ್ಲ. ಯೋಜನೆ ಮಾಡುವವರು ಊರಿಗೆ ಬಂದಾಗ ಮೊದಲು ತೆಗೆಯುವ ಪಟ್ಟಿಯೇ ಪಹಣಿ. ಸರ್ವೆ ನಂಬರ್, ಎಕರೆ, ಗುಂಟೆ, ಮಾಲೀಕರ ಹೆಸರು. ಆ ಪಟ್ಟಿಯಲ್ಲಿರುವವರನ್ನು ಕರೆದು ಮಾತಾಡಿ, "ಊರಿನವರ ಜೊತೆ ಚರ್ಚೆ ಆಗಿದೆ" ಅಂತ ಬರೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಹೆಣ್ಣು ಹೆಸರು ಕಡಿಮೆ. ಇದ್ದರೂ ಎಷ್ಟೋ ಸಲ ತೀರಿಕೊಂಡ ಅತ್ತೆಯ ಹೆಸರು, ಖಾತೆ ಬದಲಾವಣೆ ಆಗಿರುವುದಿಲ್ಲ. ಹಾಗಾಗಿ ಚರ್ಚೆಯಲ್ಲಿ ಅರ್ಧ ಊರೇ ಇರುವುದಿಲ್ಲ.

ಪಾವಗಡದ್ದನ್ನೇ ನೋಡಿ. ತುಮಕೂರು ಜಿಲ್ಲೆಯ ಈ ತಾಲ್ಲೂಕಿನಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಮೊದಲ ಹಂತ ಶುರುವಾಯಿತು. ರೈತರ ಜಮೀನು ಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಸೋತಿದ್ದ ಸೀಮೆ ಅದು. ಜಮೀನು ಕೈಬಿಡದೆ ವರ್ಷವರ್ಷ ದುಡ್ಡು ಬರುವುದು ಸಣ್ಣ ಮಾತಲ್ಲ. ಅಲ್ಲಿಯ ಎಷ್ಟೋ ಮನೆಗಳಿಗೆ ಇದರಿಂದ ಉಸಿರು ಬಂದಿದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಕಲ್ಲಿದ್ದಲು ಸುಡುವ ಬದಲು ಬಿಸಿಲಿನಿಂದ ಕರೆಂಟ್ ಬರಬೇಕು ಅನ್ನುವವರಲ್ಲಿ ನಾನೂ ಒಬ್ಬಳು.

ಆದರೆ ಗುತ್ತಿಗೆ ದುಡ್ಡು ಹೋಗುವುದು ಪಹಣಿ ಇರುವವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಕಡ್ಲೆಕಾಯಿ ಬಿಡಿಸುತ್ತಿದ್ದವರು, ಬೀಳು ಜಮೀನಿನಲ್ಲಿ ಮೇಕೆ ಮೇಯಿಸುತ್ತಿದ್ದವರು ಆ ಲೆಕ್ಕದಲ್ಲಿ ಬರಲಿಲ್ಲ. ಪಾರ್ಕ್ ಒಳಗೆ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ ಕೆಲಸ ಕೆಲವರಿಗೆ ಸಿಕ್ಕಿತು. ಹಿಂದೆ ಹೊಲದಲ್ಲಿದ್ದಷ್ಟು ಕೈಗಳಿಗೆ ಅದು ಸಾಲುವುದಿಲ್ಲ.

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ "ಬಾಧಿತ ಕುಟುಂಬ" ಅಂದರೆ ಬರೀ ಜಮೀನಿನ ಮಾಲೀಕರಲ್ಲ. ಆ ಜಮೀನನ್ನೇ ನಂಬಿ ಮೂರು ವರ್ಷದಿಂದ ಬದುಕುತ್ತಿರುವ ಕೃಷಿ ಕೂಲಿಗಳೂ, ಗೇಣಿದಾರರೂ ಅದರಲ್ಲಿ ಸೇರುತ್ತಾರೆ. ವಿಧವೆಯರನ್ನು, ವಿಚ್ಛೇದಿತರನ್ನು, ಮನೆಯವರು ಕೈಬಿಟ್ಟ ಹೆಣ್ಣುಮಕ್ಕಳನ್ನು ಬೇರೆಯೇ ಕುಟುಂಬ ಅಂತ ಎಣಿಸಬೇಕು. ತುಂಬಾ ಒಳ್ಳೆಯ ಮಾತು. ಆದರೆ ಅದು ಸ್ವಾಧೀನಕ್ಕೆ ಹೇಳಿದ್ದು. ಮಾಲೀಕ ತಾನಾಗಿ ಗುತ್ತಿಗೆಗೆ ಸಹಿ ಹಾಕಿದರೆ ಆ ಕಾಯ್ದೆ ಸಾಮಾನ್ಯವಾಗಿ ಬಾಗಿಲಾಚೆಯೇ ಉಳಿಯುತ್ತದೆ. ಜೊತೆಗೆ ಸೋಲಾರ್ ಪ್ಯಾನೆಲ್ ಯೋಜನೆಗಳಿಗೆ 2006ರ ಅಧಿಸೂಚನೆಯ ಅಹವಾಲು ಸಭೆಯೂ ಇಲ್ಲ. ಸೋಲಾರ್ ಆ ಪಟ್ಟಿಯಲ್ಲಿಲ್ಲ, ಗಾಳಿ ವಿದ್ಯುತ್ತೂ ಇಲ್ಲ. ಹೊಗೆ ಇಲ್ಲ ಅಂತ ಹೊರಗಿಟ್ಟರು. ಹೊಗೆ ಇಲ್ಲದಿದ್ದರೂ ಬೇಲಿ ಇರುತ್ತದೆ, ಬೇಲಿ ಬಂದರೆ ದಾರಿ ಮುಚ್ಚುತ್ತದೆ.

ಹಾಗಾದರೆ ಇಂಥ ಕಡೆ ಮಾತಾಡುವುದೆಲ್ಲಿ? ಸದ್ಯಕ್ಕೆ ಕೈಗೆ ಸಿಗುವುದು ವಾರ್ಡ್ ಸಭೆ ಮತ್ತು ಗ್ರಾಮಸಭೆ. ನಾನು ವಕೀಲಳಲ್ಲ. ಪ್ರತಿ ಯೋಜನೆಯ ಕಾಗದ ನೋಡದೆ ಯಾರಿಗೂ ಖಚಿತವಾಗಿ ಹೇಳಬಾರದು. ಗ್ರಾಮಸಭೆಯ ನಿರ್ಣಯ ಒಂದರಿಂದಲೇ ಯೋಜನೆ ನಿಲ್ಲುತ್ತದೆ ಅಂತ ಆಸೆ ಹುಟ್ಟಿಸುವುದೂ ತಪ್ಪು. ಆದರೆ ನಿರ್ಣಯದ ಪುಸ್ತಕದಲ್ಲಿ ಬಂದ ಮಾತಿಗೆ ಒಂದು ತೂಕ ಇದೆ. ದಾರಿ, ಮೇವು, ಕೆಲಸ ಕೇಳಿ ಮುಂದೆ ಅರ್ಜಿ ಕೊಡುವಾಗ ತೋರಿಸಲು ಒಂದು ತಾರೀಖು, ಒಂದು ಸಹಿ ಇರುತ್ತದೆ.

ಬೇರೆ ಒಂದು ಊರಿನ ಮಾತು. ಬಯಲುಸೀಮೆಯದೇ. ಸೋಲಾರ್‌ಗೆ ಗುತ್ತಿಗೆ ಮಾತುಕತೆ ನಡೆಯುತ್ತಿತ್ತು. ರಾತ್ರಿ ಊಟ ಮುಗಿದ ಮೇಲೆ ಮಾರಮ್ಮನ ಗುಡಿ ಜಗಲಿಯಲ್ಲಿ ಹನ್ನೊಂದು ಜನ ಹೆಂಗಸರು ಕೂತಿದ್ದರು. "ಎಕರೆ ಕಡ್ಲೆಕಾಯಿಗೆ ಎಷ್ಟು ಹೆಣ್ಣಾಳು ಬೇಕು?" ಅಂತ ಕೇಳಿದೆ. ಒಬ್ಬರಿಗೊಬ್ಬರು ಜಗಳಕ್ಕೇ ಬಿದ್ದರು. ಕೊನೆಗೆ ಒಬ್ಬರು ಮನೆಗೆ ಓಡಿಹೋಗಿ ಮಡಿಲಲ್ಲಿ ಹುಣಸೆ ಬೀಜ ತಂದು ಸುರಿದರು. ಬಿತ್ತನೆಗೆ ಮೂರು ಬೀಜ. ಕಳೆಗೆ ಎಂಟು. ಕೀಳುವುದಕ್ಕೆ ಐದು. ಬಿಡಿಸುವುದಕ್ಕೆ ಆರು. ಒಟ್ಟು ಇಪ್ಪತ್ತೆರಡು. ಇಪ್ಪತ್ತೆರಡು ದಿನದ ಕೂಲಿ, ಒಂದು ಎಕರೆಗೆ. ಆಮೇಲೆ ಒಬ್ಬ ಅಜ್ಜಿ ಪಕ್ಕದಲ್ಲಿ ಇನ್ನೊಂದು ಗುಡ್ಡೆ ಮಾಡಿದರು. ಕೂಲಿ ಬದಲು ಮನೆಗೆ ತರುತ್ತಿದ್ದ ಕಾಯಿ, ದನಕ್ಕೆ ಹಾಕುತ್ತಿದ್ದ ಬಳ್ಳಿ, ಬದುವಿನ ಜಾಲಿ ಸೌದೆ. "ಇದ್ನೂ ಬರ್ಕೊಳವ್ವ, ಇದ್ನ ಯಾರೂ ಕೇಳಾಕಿಲ್ಲ" ಅಂದರು.

ಆ ರಾತ್ರಿ ಬರೆದಿದ್ದು ಒಂದೂವರೆ ಪುಟ. ಗ್ರಾಮಸಭೆಯಲ್ಲಿ ಅದನ್ನು ಓದಿದಾಗ ಜಮೀನಿನ ಯಜಮಾನರೇ ಸುಮ್ಮನಾದರು. ತಮ್ಮ ಹೊಲದಲ್ಲಿ ಅಷ್ಟು ಆಳು ದುಡಿಯುತ್ತಾರೆ ಅಂತ ಅವರೂ ಯಾವತ್ತೂ ಕೂಡಿಸಿ ನೋಡಿರಲಿಲ್ಲ. ಬೇಲಿಯ ನಡುವೆ ಮೇಕೆಗೆ ದಾರಿ ಬಿಡಬೇಕು, ಹುಲ್ಲು ಕೊಯ್ಯುವ ಗುತ್ತಿಗೆಯನ್ನು ಊರಿನ ಸ್ತ್ರೀಶಕ್ತಿ ಸಂಘಕ್ಕೆ ಕೊಡಬೇಕು ಅಂತ ನಿರ್ಣಯ ಆಯಿತು. ದಾರಿ ಬಿಟ್ಟರು. ಹುಲ್ಲಿನ ಗುತ್ತಿಗೆ ಮಾತ್ರ ಇನ್ನೂ ಹೊರಗಿನವರ ಕೈಯಲ್ಲೇ ಇದೆ. ಅದರ ಹಿಂದೆ ಬಿದ್ದಿದ್ದೇವೆ.

ಕರೆಂಟಿನ ದರದ ವಿಷಯಕ್ಕೂ ಇದೇ ಕಥೆ, ಅಲ್ಲಿ ಪಹಣಿ ಜಾಗದಲ್ಲಿ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್. ಬಿಲ್ಲು ಗಂಡನದ್ದೋ ಮಾವನದ್ದೋ ಹೆಸರಲ್ಲಿ ಬರುತ್ತದೆ, ಹಾಗಾಗಿ ತಮಗೆ ಸಂಬಂಧ ಇಲ್ಲ ಅಂದುಕೊಳ್ಳುತ್ತಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆ ಪ್ರಕಾರ ದರ ನಿಗದಿ ಮಾಡುವ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆ ಪರಿಗಣಿಸಬೇಕು. ಸಾರ್ವಜನಿಕರು ಅಂದರೆ ಮೀಟರ್ ಯಾರ ಹೆಸರಲ್ಲಿದೆಯೋ ಅವರಷ್ಟೇ ಅಲ್ಲ. ನಮ್ಮ ರಾಜ್ಯದ ಆಯೋಗವಾದ ಕೆಇಆರ್‌ಸಿ ನಡೆಸುವ ವಿಚಾರಣೆಗೆ ಕೈಗಾರಿಕೆಯವರು ಬರುತ್ತಾರೆ, ರೈತ ಸಂಘದವರು ಬರುತ್ತಾರೆ. ಹಳ್ಳಿ ಹೆಂಗಸರನ್ನು ಅಲ್ಲಿ ನಾನು ಕಂಡಿದ್ದು ತೀರಾ ಅಪರೂಪ. 2023ರ ಜುಲೈಯಿಂದ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಬಿಲ್ಲಿನ ಭಾರ ಇಳಿದ ಮೇಲಂತೂ "ನಮಗ್ಯಾಕೆ" ಅನ್ನುವುದು ಜಾಸ್ತಿಯಾಗಿದೆ. ಬಿಲ್ಲು ಸೊನ್ನೆ ಬರಬಹುದು. ಆದರೆ ಪಂಪು ಓಡಿಸುವ ತ್ರೀ ಫೇಸ್ ಕರೆಂಟನ್ನು ರಾತ್ರಿ ಎರಡಕ್ಕೆ ಕೊಟ್ಟರೆ ಟ್ಯಾಂಕಿಗೆ ನೀರು ಏರುವುದೂ ಆಗಲೇ. ನಲ್ಲಿ ಮುಂದೆ ಬಿಂದಿಗೆ ಇಟ್ಟುಕೊಂಡು ಕಾಯುವವರು ಯಾರು? ಕರೆಂಟ್ ಯಾವ ಹೊತ್ತಿಗೆ ಬರಬೇಕು ಅಂತ ಅವರೇ ಹೇಳಬೇಕಲ್ವಾ?

ಅಧಿಕಾರಿಗಳಿಗೂ ಕಂಪನಿಯವರಿಗೂ ಒಂದು ಮಾತು ಹೇಳಲೇಬೇಕು. "ಮಹಿಳೆಯರನ್ನೂ ಕರೆದಿದ್ದೆವು, ಅವರೇ ಬರಲಿಲ್ಲ" ಅನ್ನುತ್ತೀರಿ. ಸಭೆ ಇಟ್ಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಅವರು ಕೂಲಿಗೆ ಹೋಗಿರುತ್ತಾರೆ. ಜಾಗ ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪ, ಊರಿಂದ ಇರುವುದು ಒಂದೇ ಬಸ್ಸು. ನೋಟಿಸ್ ಅಂಟಿಸಿದ್ದು ಪಂಚಾಯಿತಿ ಬಾಗಿಲಿಗೆ. ವರದಿಯ ಸಾರಾಂಶ ಕನ್ನಡದಲ್ಲಿದ್ದರೂ ಓದಿದರೆ ಅರ್ಥವಾಗದ ಕನ್ನಡ. 2020ರಲ್ಲಿ ಪರಿಸರ ಅಧಿಸೂಚನೆಯ ಹೊಸ ಕರಡು ಬಂದಾಗ ಭಾಷೆಯ ವಿಷಯ ಕೋರ್ಟಿನವರೆಗೂ ಹೋಯಿತು. ದೆಹಲಿ ಹೈಕೋರ್ಟ್ ಅದನ್ನು 22 ಭಾಷೆಗಳಿಗೆ ಅನುವಾದಿಸಲು ಹೇಳಿತು, ನಮ್ಮ ಹೈಕೋರ್ಟೂ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಟ್ಟಿತ್ತು. ಜನರಿಗೆ ಅರ್ಥವಾಗಬೇಕು ಅನ್ನುವುದು ಅಷ್ಟು ದೊಡ್ಡ ವಿಷಯ. ಸಂಜೆ ಆರಕ್ಕೆ, ಊರಿನ ಶಾಲೆಯಲ್ಲಿ, ಮೊದಲು ಹೆಂಗಸರದೇ ಒಂದು ಸಭೆ ಇಡಿ. ಮೈಕನ್ನು ವೇದಿಕೆ ಹತ್ತಿರ ನೆಡಬೇಡಿ, ಅವರು ಕೂತಲ್ಲಿಗೆ ತಗೊಂಡು ಹೋಗಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದ್ದು. ಒಳ್ಳೊಳ್ಳೆಯ ಅಧ್ಯಕ್ಷೆಯರನ್ನು ನೋಡಿದ್ದೇನೆ. ಅವರಿಗೂ ಯೋಜನೆಯ ಕಾಗದ ತಲುಪುವುದು ಎಲ್ಲ ಮುಗಿದ ಮೇಲೆ. ಅದಕ್ಕೆ ಮೊದಲೇ ಕೇಳಿ ಪಡೆಯಿರಿ ಅಂತ ಅವರಿಗೆ ಹೇಳುತ್ತಿರುತ್ತೇನೆ.

ಇನ್ನೊಂದು ಸಣ್ಣ ವಿಷಯ, ತುಂಬಾ ಜನ ಕಳೆದುಕೊಳ್ಳುವುದು ಇದನ್ನೇ. ಅಹವಾಲು ಸಭೆ ಮುಗಿಯುವ ಹೊತ್ತಿಗೆ ಯಾರ್ಯಾರು ಏನೇನು ಹೇಳಿದರು ಅಂತ ನಡಾವಳಿಯ ಸಾರಾಂಶ ಓದಬೇಕು, ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕು. ನಿಯಮದಲ್ಲೇ ಇದೆ. ಅಷ್ಟೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಏಳಬೇಡಿ.

ಒಂದು ಸಕ್ಕರೆ ಕಾರ್ಖಾನೆಯವರು ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುವ ಘಟಕ ದೊಡ್ಡದು ಮಾಡಿ, ಎಥನಾಲ್ ಘಟಕವನ್ನೂ ಹಾಕಲು ಹೊರಟಿದ್ದರು. ಸಭೆಯಲ್ಲಿ ಅರವತ್ತು ದಾಟಿದ ಒಬ್ಬ ತಾಯಿ ಎದ್ದು ನಿಂತರು. ಕಾರ್ಖಾನೆ ಶುರುವಾದರೆ ಅಂಗಳದಲ್ಲಿ ಒಣಹಾಕಿದ ರಾಗಿ ಮೇಲೆ ಕರೀ ಬೂದಿ ಕೂರುತ್ತದೆ, ಬಟ್ಟೆ ಎರಡು ಸಲ ಒಗೆಯಬೇಕು, ಮೊಮ್ಮಗಳಿಗೆ ಕಣ್ಣುರಿ ಅಂತ ಹೇಳಿದರು. ಎರಡು ನಿಮಿಷ ಮಾತಾಡಿರಬೇಕು. ಕೊನೆಗೆ ನಡಾವಳಿ ಓದುವವರೆಗೂ ಕೂತೇ ಇದ್ದರು. ಓದಿ ಮುಗಿದ ಮೇಲೆ ಮತ್ತೆ ಎದ್ದರು.

"ಬೂದಿ ವಿಷ್ಯ ಬರ್ಲಿಲ್ಲ ಸ್ವಾಮಿ."

"ಬಂತಲ್ಲಮ್ಮ. ವಾಯುಮಾಲಿನ್ಯದ ಬಗ್ಗೆ ಆತಂಕ ವ್ಯಕ್ತಪಡಿಸಿದರು ಅಂತ ಬರೆದಿದೀವಿ."

"ಅದೇನೋ ನಂಗೊತ್ತಿಲ್ಲ. ನಾನ್ ಹೇಳಿದ್ದು ಬೂದಿ. ರಾಗಿ ಮ್ಯಾಲೆ ಬೀಳೋ ಬೂದಿ. ಹಂಗೇ ಬರೀರಿ."

ಅಧಿಕಾರಿ ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದು ಆ ಸಾಲಿನ ಕೆಳಗೆ ಹಾಗೇ ಬರೆದರು. ಆ ತಾಯಿಗೆ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳನ್ನು ಮೇಜಿನ ಹತ್ತಿರ ಕಳಿಸಿದರು. ಅವಳು ಬೆರಳಿಟ್ಟು ಜೋರಾಗಿ ಓದಿದ ಮೇಲೆ ಸೆರಗು ಸರಿ ಮಾಡಿಕೊಂಡು ಕೂತರು.