ಐಸ್ ಮೇಕರ್ ಎಷ್ಟು ತೊಳೆದ್ರೂ ಬಿಳಿ ಹುಡಿ, ಮುಗ್ಗಲು ವಾಸನೆ ಹೋಗಲ್ಲ, ಯಾಕೆ?

ಪ್ರಶ್ನೆ: ನಮ್ದು ದಾವಣಗೆರೆ, ನಿಟ್ಟುವಳ್ಳಿ ಕಡೆ. ಹೋದ ಬೇಸಿಗೇಲಿ ಟೇಬಲ್ ಮೇಲೆ ಇಡೋ ಚಿಕ್ಕ ಐಸ್ ಮೇಕರ್ ತಗೊಂಡ್ವಿ. ಈಗ ಐಸ್ ಕರಗಿದ ಮೇಲೆ ಲೋಟದ ತಳದಲ್ಲಿ ಬಿಳಿ ಹುಡಿ ನಿಲ್ಲುತ್ತೆ, ಪಾನಕ ಕುಡಿದ್ರೆ ಒಂಥರಾ ಮುಗ್ಗಲು ವಾಸನೆ. ಎರಡು ಸಲ ವಿನೆಗರ್ ಹಾಕಿ ಓಡಿಸಿದೆ, ಹುಡಿ ಸ್ವಲ್ಪ ಕಮ್ಮಿ ಆಯ್ತು, ವಾಸನೆ ಹಂಗೇ ಐತೆ. ದುಡ್ಡು ದಂಡ ಅಂತ ನಮ್ಮನೆಯವ್ರು ದಿನಾ ಬೈತಾರೆ. ಮಷಿನ್ನೇ ಹಾಳಾಯ್ತಾ?

ಉತ್ತರ: ಹಾಳಾಗಿಲ್ಲ ಅಕ್ಕ, ನಿಮ್ಮನೆಯವ್ರಿಗೆ ಧೈರ್ಯವಾಗಿ ಹೇಳ್ರಿ. ನೀವು ಎರಡು ಬೇರೆ ಬೇರೆ ಕೊಳೆಗೆ ಒಂದೇ ಔಷಧಿ ಹಾಕಿದೀರಿ, ಆಗಿರೋದು ಅಷ್ಟೇ. ಬಿಳಿ ಹುಡಿ ನೀರಿನ ಸುಣ್ಣ, ಅದು ಹುಳಿಗೆ ಕರಗುತ್ತೆ. ಮುಗ್ಗಲು ವಾಸನೆ ಬರೋದು ಲೋಳೆಯಿಂದ, ಅಂದ್ರೆ ಒಳಗೆ ಬೆಳೆದು ಕೂತಿರೋ ಬ್ಯಾಕ್ಟೀರಿಯಾ, ಯೀಸ್ಟು, ಬೂಷ್ಟು, ಇದು ವಿನೆಗರ್‌ಗೆ ಅಷ್ಟೊಂದು ಬಗ್ಗಲ್ಲ, ಸೋಪು ಹಾಕಿ ಕೈಯಿಂದ ಉಜ್ಜಬೇಕು. ಹುಡಿ ಕಮ್ಮಿ ಆಗಿ ವಾಸನೆ ಉಳಿದಿದೆ ಅಂತ ನೀವೇ ಬರೆದಿದೀರಲ್ಲ, ಅದರಲ್ಲೇ ಉತ್ತರ ಐತೆ.

ಮೊದಲು ಈ ಮಷಿನ್ ಒಳಗೆ ಏನಾಗುತ್ತೆ ನೋಡಾಣ, ಇದು ತಿಳಿದ್ರೆ ಮಿಕ್ಕಿದ್ದೆಲ್ಲ ತಾನೇ ಅರ್ಥ ಆಗುತ್ತೆ. ಮುಚ್ಚಳ ತೆಗೆದು ನೋಡಿದ್ರೆ ಮೇಲಿಂದ ಬೆರಳಿನ ಥರ ಲೋಹದ ಕಡ್ಡಿಗಳು ಇಳಿಬಿದ್ದಿರ್ತವೆ, ಸಾಮಾನ್ಯವಾಗಿ 9. ಪಂಪು ಕೆಳಗಿನ ಟ್ಯಾಂಕಿಂದ ನೀರೆತ್ತಿ ಒಂದು ಚಿಕ್ಕ ತಟ್ಟೆಗೆ ತುಂಬುತ್ತೆ, ಕಡ್ಡಿಗಳು ಅದರಲ್ಲಿ ಮುಳುಗಿರ್ತವೆ, ಕಂಪ್ರೆಸರ್ ಅವನ್ನ ತಣ್ಣಗೆ ಮಾಡ್ತಿದ್ದಂಗೆ 6ರಿಂದ 10 ನಿಮಿಷದಲ್ಲಿ ಸುತ್ತ ಐಸ್ ಕಟ್ಟುತ್ತೆ, ಆಮೇಲೆ ತಟ್ಟೆ ವಾಲುತ್ತೆ, ಕಡ್ಡಿ ಸ್ವಲ್ಪ ಬಿಸಿ ಆಗಿ ಐಸ್ ಜಾರಿ ಬುಟ್ಟಿಗೆ ಬೀಳುತ್ತೆ. ಮಿಕ್ಕಿದ ನೀರು? ವಾಪಸ್ ಟ್ಯಾಂಕಿಗೆ. ಬುಟ್ಟಿಯಲ್ಲಿ ಕರಗಿದ ಐಸ್ ನೀರು? ಅದೂ ಟ್ಯಾಂಕಿಗೇ, ಯಾಕಂದ್ರೆ ಆ ಬುಟ್ಟಿ ಫ್ರೀಜರ್ ಅಲ್ಲ, ಬರೀ ಡಬ್ಬಿ.

ಇಲ್ಲೇ ಇರೋದು ಮರ್ಮ. ನೀರು ಹೆಪ್ಪುಗಟ್ಟುವಾಗ ಮೊದಲು ಗಟ್ಟಿ ಆಗೋದು ಬರೀ ನೀರು, ಅದರಲ್ಲಿ ಕರಗಿರೋ ಲವಣ ಹಿಂದೆ ಉಳ್ಕೊಳುತ್ತೆ. ಮಿಕ್ಕ ನೀರು ಮತ್ತೆ ಮತ್ತೆ ಸುತ್ತಿದಂಗೆಲ್ಲ ಲವಣ ಜಾಸ್ತಿ ಆಗ್ತಾ ಹೋಗುತ್ತೆ, ಒಲೆ ಮೇಲೆ ಮರೆತ ಸಾರು ಬತ್ತಿ ಬತ್ತಿ ಉಪ್ಪುಪ್ಪಾಗುತ್ತಲ್ಲ ಹಂಗೆ. ಸಾರಲ್ಲಿ ನೀರು ಆವಿಯಾಗಿ ಹೋಗುತ್ತೆ, ಇಲ್ಲಿ ಐಸ್ ಆಗಿ ಹೋಗುತ್ತೆ, ಲೆಕ್ಕ ಒಂದೇ. ಬೆಳಿಗ್ಗೆ ತುಂಬಿದ ನೀರಿಗೆ ಮೇಲೆ ಮೇಲೆ ಹೊಸ ನೀರು ಸುರೀತಾ ಸಂಜೆವರೆಗೆ ಓಡಿಸಿದ್ರೆ, ಸಂಜೆ ಟ್ಯಾಂಕಲ್ಲಿ ಇರೋದು ನಿಮ್ಮ ನಲ್ಲಿ ನೀರಿಗಿಂತ ಗಡಸು ನೀರು. ಹಂಗಾಗಿ ಯಾವ ಕ್ಲೀನರ್ ತರಲಿ ಅಂತ ಯೋಚನೆ ಮಾಡೋಕ್ಕಿಂತ ಮುಂಚೆ ಮಾಡ್ಬೇಕಾದ ಕೆಲಸ ಒಂದೇ, ದಿನಾ ರಾತ್ರಿ ಡ್ರೈನ್ ಬಿರಡೆ ತೆಗೆದು ಮಿಕ್ಕ ನೀರು ಪೂರ್ತಿ ಚೆಲ್ಲೋದು, ಮುಚ್ಚಳ ತೆರೆದು ಒಣಗೋಕೆ ಬಿಡೋದು. ಇದೊಂದು ಅಭ್ಯಾಸ ಮಾಡ್ಕೊಂಡ್ರೆ ಅರ್ಧ ತಲೆನೋವು ಕಮ್ಮಿ ಆಗುತ್ತೆ ಅಂತ ನನ್ನ ಅನುಭವ.

ಇನ್ನು ನಮ್ಮೂರಿನ ನೀರು. ಕಾರ್ಪೊರೇಷನ್ ನಲ್ಲೀಲಿ ತುಂಗಭದ್ರಾ ನೀರು ಬಂದ ದಿನ ಅಷ್ಟು ಸುಣ್ಣ ಕಟ್ಟಲ್ಲ. ನಲ್ಲಿ ಬರದ ದಿನ ಅದೇ ಸಂಪ್ ತೊಟ್ಟಿಗೆ ಬೋರಿನ ನೀರು ಬಿಡ್ತೀವಿ, ಎರಡೂ ಬೆರೆತು ಒಂದೇ ನಲ್ಲೀಲಿ ಬರುತ್ತೆ, ಆಮೇಲೆ ಹೋದ ವಾರ ಚೆನ್ನಾಗಿತ್ತು ಈ ವಾರ ಹುಡಿ ಬಿತ್ತು ಅಂತ ಮಷಿನ್‌ಗೆ ಬೈಯ್ತೀವಿ. ನಾನೂ ಬೈದಿದೀನಿ. ಕುಡಿಯೋ ನೀರಿನ ಗಡಸುತನಕ್ಕೆ ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ, ಹೇಳೋ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಪರವಾಗಿಲ್ಲ ಅಂತಾರೆ. ಕುಡಿಯೋಕೆ ಪರವಾಗಿಲ್ಲ ಅನ್ನೋ ನೀರೇ ಐಸ್ ಮೇಕರ್‌ಗೆ ಶತ್ರು ಆಗಬಹುದು, ಗೀಸರ್ ಕಾಯಿಲ್ ನೋಡಿದವ್ರಿಗೆ ಇದು ಹೇಳೋದೇ ಬೇಡ. ಜಗಳೂರು ಕಡೆ, ಚಿತ್ರದುರ್ಗದ ಚಳ್ಳಕೆರೆ ಮೊಳಕಾಲ್ಮೂರು ಕಡೆಯವ್ರಿಗೆ ಇನ್ನೊಂದು ಮಾತು, ನಿಮ್ಮ ಬೋರಲ್ಲಿ ಫ್ಲೋರೈಡ್ ಇದ್ರೆ ಕಾಯಿಸಿದ್ರೂ ಹೋಗಲ್ಲ, ಮಷಿನ್ ಎಷ್ಟು ತೊಳೆದ್ರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಐಸ್‌ಗೂ ಆರ್‌ಓ ನೀರೇ ಹಾಕ್ರಿ. ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ಹೆಂಗೂ ತರ್ತೀರಲ್ಲ, ಅದರಲ್ಲೇ ಒಂದೆರಡು ಲೀಟರ್ ಸಾಕು. ಆದ್ರೆ ಕೆಲವು ಮಷಿನ್‌ನಲ್ಲಿ ನೀರು ಇದೆಯೋ ಇಲ್ವೋ ಅಂತ ಎರಡು ಲೋಹದ ಪಿನ್ನು ನೋಡ್ತವೆ, ನೀರಲ್ಲಿ ಕರೆಂಟ್ ಹರಿದ್ರೆ ಇದೆ ಅಂತ ಲೆಕ್ಕ, ಲವಣ ತೀರಾ ಕಮ್ಮಿ ಇರೋ ನೀರಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ, ಟ್ಯಾಂಕ್ ತುಂಬಿದ್ರೂ ನೀರು ಹಾಕಿ ಅಂತ ಲೈಟ್ ಮಿಣುಕುತ್ತೆ. ಹಂಗಾದ್ರೆ ಸ್ವಲ್ಪ ನಲ್ಲಿ ನೀರು ಬೆರೆಸಿ ನೋಡ್ರಿ, ರಿಪೇರಿಗೆ ಹೊತ್ಕೊಂಡು ಹೋಗೋದು ಆಮೇಲೆ.

ಲೋಳೆ ವಿಷಯಕ್ಕೆ ಬರಾಣ. ಐಸ್ ತಣ್ಣಗಿರುತ್ತೆ, ಕ್ರಿಮಿ ಸತ್ತು ಹೋಗಿರ್ತವೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಹಂಗೆಲ್ಲ ಸಾಯಲ್ಲ ರೀ, ಹೆಪ್ಪುಗಟ್ಟಿದಾಗ ಬಹಳಷ್ಟು ಸುಮ್ನೆ ಮಲಗಿರ್ತವೆ ಅಷ್ಟೇ, ನಿಮ್ಮ ಲೋಟದಲ್ಲಿ ಕರಗಿದ ಕೂಡ್ಲೇ ಎದ್ದು ಕೂರ್ತವೆ. ಟ್ಯಾಂಕಿನ ಮೂಲೆ, ಮುಚ್ಚಳದ ಒಳಮೈ, ರಬ್ಬರ್ ಅಂಚು, ಇಲ್ಲೆಲ್ಲ ಬೆರಳಾಡಿಸಿ ನೋಡ್ರಿ, ಜಾರಿದಂಗೆ ಆದ್ರೆ ಅದೇ ಲೋಳೆ, ಕೆಲವು ಸಲ ನಸುಗೆಂಪು, ಕೆಲವು ಸಲ ಕಪ್ಪು ಚುಕ್ಕೆ. ಅಡುಗೆಮನೆ ಗಾಳೀಲಿ ಇರೋ ಯೀಸ್ಟು ಕೂಡ ಇದಕ್ಕೆ ಕಾರಣ, ಬೇಕರಿಗಳಲ್ಲಿ ಇಟ್ಟಿರೋ ಐಸ್ ಮಷಿನ್‌ಗಳಿಗೆ ಲೋಳೆ ಬೇಗ ಕಟ್ಟೋದು ಇದೇ ಕಾರಣಕ್ಕೆ. ನಾವು ಬೆಣ್ಣೆದೋಸೆ ಊರಿನವ್ರು, ಹಿಟ್ಟಿನ ಪಾತ್ರೆ ಉಬ್ಬಿ ಉಕ್ಕೋಕೆ ಇಡೋ ಕಟ್ಟೆ ಮೇಲೇನೇ ಐಸ್ ಮೇಕರ್ರೂ ಇಟ್ಟಿರ್ತೀವಿ. ಎರಡನ್ನೂ ದೂರ ದೂರ ಇಡ್ರಿ.

ಈಗ ತೊಳೆಯೋದು. ಪ್ಲಗ್ ತೆಗೆದು, ನೀರು ಖಾಲಿ ಮಾಡಿ, ಬುಟ್ಟಿ ಮತ್ತು ಐಸ್ ತೆಗೆಯೋ ಚಮಚ ಆಚೆ ತೆಗೆದು ಮೊದಲು ಕೈಗೆ ಸಿಗೋ ಲೋಳೇನ ಬಟ್ಟೆಯಿಂದ ಒರೆಸಿ ತೆಗೀರಿ. ಆಮೇಲೆ ಹುಳಿ. ಸುಣ್ಣದ ಪದರದ ಸಂದೀಲೇ ಲೋಳೆ ಅಡಗಿರುತ್ತೆ, ಅದಕ್ಕೇ ಸುಣ್ಣ ಮೊದಲು ಕರಗಬೇಕು. ವಿನೆಗರ್ ಬದಲು ನಾನು ಹೇಳೋದು ಕಿರಾಣಿ ಅಂಗಡೀಲಿ ಸಿಗೋ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ. ವಾಸನೆ ಉಳಿಯಲ್ಲ, ರೇಟೂ ಕಮ್ಮಿ. ನಿಂಬೆಹಣ್ಣು ಹಿಂಡಿ ಹಾಕಬೇಡಿ, ತಿರುಳು ಹೋಗಿ ಪಂಪಿನ ಜಾಲರೀಲಿ ಕೂರುತ್ತೆ, ನಮ್ಮನೇಲಿ ಆಗಿ ನೋಡಿದೀವಿ. ಮಷಿನ್‌ನಲ್ಲಿ ಕ್ಲೀನ್ ಬಟನ್ ಇದ್ರೆ ಅದನ್ನ ಒತ್ತಿ, ಇಲ್ಲಾಂದ್ರೆ ಎರಡು ಮೂರು ಸುತ್ತು ಮಾಮೂಲಿ ಓಡಿಸಿ, ಆ ಐಸ್ ಮಕ್ಕಳ ಕೈಗೆ ಸಿಗೋಕ್ಕಿಂತ ಮುಂಚೆ ಸಿಂಕಿಗೆ ಹಾಕ್ರಿ. ಆಮೇಲೆ ಆಫ್ ಮಾಡಿ 15ರಿಂದ 20 ನಿಮಿಷ ಬಿಡಿ, ಸಣ್ಣ ಗುಳ್ಳೆ ಏಳ್ತಿದ್ರೆ ಸುಣ್ಣ ಕರಗ್ತಿದೆ ಅಂತ ಅರ್ಥ. ಇನ್ನೂ ಚೆನ್ನಾಗಿ ಆಗ್ಲಿ ಅಂತ ರಾತ್ರಿಯೆಲ್ಲ ನೆನೆಸಿಡಬೇಡಿ, ಕಡ್ಡಿಗಳ ಮೇಲಿನ ನಿಕ್ಕಲ್ ಲೇಪ ಹುಳೀಲಿ ಜಾಸ್ತಿ ಹೊತ್ತು ಇದ್ರೆ ಎದ್ದು ಬರಬಹುದು. ಹುಳಿ ನೀರು ಚೆಲ್ಲಿ, ಒಳ್ಳೆ ನೀರಲ್ಲಿ ಎರಡು ಸಲ ಓಡಿಸಿ ಚೆಲ್ಲಿ.

ಇದಾದ ಮೇಲೆ ಸೋಪಿನ ಸರದಿ. ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ಹನಿ, ಮೆತ್ತನೆ ಬಟ್ಟೆ, ಮೂಲೆಗಳಿಗೆ ಹಳೇ ಟೂತ್‌ಬ್ರಷ್. ಟ್ಯಾಂಕಿಗೆ ಸೋಪಿನ ನೀರು ತುಂಬಿ ಓಡಿಸಬಾರದು, ನೊರೆ ಪಂಪೊಳಗೆ ಹೋದ್ರೆ ನಾಲ್ಕು ದಿನ ಐಸ್ ಸೋಪಿನ ರುಚಿ. ಕಡ್ಡಿಗಳನ್ನ ಸ್ಟೀಲ್ ಸ್ಕ್ರಬ್ಬರ್, ಚಾಕು ಇಂಥದ್ರಲ್ಲಿ ಕೆರೆಯಲೇಬೇಡಿ, ಲೇಪ ಹೋಗೋದು ಒಂದು, ಈಗಿನ ಬಹಳಷ್ಟು ಚಿಕ್ಕ ಮಷಿನ್‌ಗಳಲ್ಲಿ ಕಡ್ಡಿ ತಣ್ಣಗೆ ಮಾಡೋಕೆ ಒಳಗೆ ಹರಿಯೋ ಆರ್-600ಎ ಅನ್ನೋ ಗ್ಯಾಸ್ ಬೆಂಕಿ ಹತ್ತೋ ಜಾತಿ, ತೂತಾದ್ರೆ ಮಷಿನ್ ಕಥೆ ಅಲ್ಲಿಗೆ ಮುಗೀತು. ಬುಟ್ಟಿ ಚಮಚಕ್ಕೆ ಮಾತ್ರ ಬೇಕಿದ್ರೆ ಪರಿಮಳ ಇಲ್ಲದ ಬ್ಲೀಚು, 4 ಲೀಟರ್ ನೀರಿಗೆ ಒಂದು ಟೀ ಚಮಚ, ಎರಡು ನಿಮಿಷ ಮುಳುಗಿಸಿ, ಚೆನ್ನಾಗಿ ತೊಳೆದು ಒಣಗಿಸಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಬ್ಲೀಚನ್ನ ವಿನೆಗರ್ ಜೊತೆಗಾಗ್ಲಿ ನಿಂಬೆ ಉಪ್ಪಿನ ಜೊತೆಗಾಗ್ಲಿ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತೆ, ಮುಚ್ಚಿದ ಅಡುಗೆಮನೇಲಿ ಅದು ತಮಾಷೆ ಅಲ್ಲ. ಇನ್ನು ವಿಡಿಯೋದಲ್ಲಿ ತೋರಿಸ್ತಾರಲ್ಲ, ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ಬುಸ್ ಅಂತ ನೊರೆ ಬರಿಸೋದು, ಅದು ನೋಡೋಕೆ ಮಾತ್ರ ಚಂದ. ಎರಡೂ ಒಂದನ್ನೊಂದು ತಿಂದು ಹಾಕ್ತವೆ, ಮಷಿನ್‌ಗೆ ಉಳಿಯೋದು ಹೆಚ್ಚುಕಮ್ಮಿ ಉಪ್ಪು ನೀರು.

ಎಷ್ಟು ದಿನಕ್ಕೊಮ್ಮೆ ಅಂತ ಕೇಳ್ತೀರಿ. ಬೋರ್ ನೀರಾದ್ರೆ ತಿಂಗಳಿಗೊಮ್ಮೆ ಹುಳಿ, ಆರ್‌ಓ ನೀರಾದ್ರೆ ಎರಡು ಮೂರು ತಿಂಗಳು ತಳ್ಳಬಹುದು, ಒರೆಸೋದು ಮಾತ್ರ ವಾರಕ್ಕೊಮ್ಮೆ ಇರ್ಲಿ. ಪಂಪಿನ ಬಾಯಲ್ಲಿರೋ ಪುಟ್ಟ ಜಾಲರಿ ಮರೀಬೇಡಿ, ಐಸ್ ಸಣ್ಣಗೆ ಟೊಳ್ಳಾಗಿ ಬರ್ತಿದ್ರೆ ಮೊದಲು ಅದನ್ನ ನೋಡಿ, ಆಮೇಲೆ ಪಕ್ಕದ ಗಾಳಿ ಕಿಂಡಿ ಧೂಳು. ಏಪ್ರಿಲ್‌ನಲ್ಲಿ ಅಡುಗೆಮನೆ ಕಾವಿಗೆ ಹೆಂಗೂ ಐಸ್ ನಿಧಾನ, ಅದು ರೋಗ ಅಲ್ಲ. ಕರೆಂಟ್ ಹೋಗಿ ಬಂದ ಕೂಡ್ಲೇ ಸ್ವಿಚ್ ಹಾಕ್ದೆ ಐದು ನಿಮಿಷ ತಡೀರಿ, ಕಂಪ್ರೆಸರ್ ಬಾಳಿಕೆ ಬರುತ್ತೆ. ಮಳೆಗಾಲಕ್ಕೆ ಎತ್ತಿಡೋದಾದ್ರೆ ಪೂರ್ತಿ ಒಣಗಿಸಿ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದ್ರೆ ಕಂಪ್ರೆಸರ್ ಎಣ್ಣೆ ಬೇರೆ ಪೈಪಿಗೆ ಹರಿಯುತ್ತೆ, ಅಕಸ್ಮಾತ್ ಮಲಗಿಸಿದ್ರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಟ್ಟು ಆನ್ ಮಾಡಿ.

ನಿಮಗೆ ಕೊನೇದಾಗಿ ಒಂದು ಪರೀಕ್ಷೆ ಅಕ್ಕ. ಎಲ್ಲಾ ಮುಗಿದ ಮೇಲೆ ಮೊದಲ ಎರಡು ಬುಟ್ಟಿ ಐಸ್ ಚೆಲ್ಲಿ, ಮೂರನೇದ್ರಲ್ಲಿ ನಾಲ್ಕು ತುಂಡು ಗಾಜಿನ ಲೋಟಕ್ಕೆ ಹಾಕಿ ಮುಚ್ಚಿಟ್ಟು ಕರಗಿಸಿ. ತಳದಲ್ಲಿ ಬಿಳಿ ಹುಡಿ ನಿಂತ್ರೆ ಅದರ ಮೇಲೆ ಒಂದು ಚಿಟಿಕೆ ನಿಂಬೆ ಉಪ್ಪು ಹಾಕಿ ನೋಡಿ, ಕರಗಿ ಹೋದ್ರೆ ಸುಣ್ಣ, ಹುಳಿ ತೊಳೆತ ಇನ್ನೊಂದು ಸಲ ಆಗ್ಲಿ. ಕರಗದೆ ಬೆಳ್ಳಿ ಹಾಳೆ ಥರ ಮಿರಮಿರ ಮಿಂಚಿದ್ರೆ ಅದು ಕಡ್ಡಿಯ ಲೇಪ ಕಿತ್ತು ಬರ್ತಿರೋದು, ಆ ಐಸ್ ಬಳಸೋದು ನಿಲ್ಲಿಸಿ, ಕಂಪನಿಯವ್ರಿಗೆ ತೋರಿಸಿ. ಹುಡಿ ಏನೂ ಇಲ್ಲ ಆದ್ರೆ ಮೂಸಿದ್ರೆ ಮುಗ್ಗಲು ಇನ್ನೂ ಐತೆ ಅಂದ್ರೆ, ಕೈ ಹೋಗದ ಪೈಪೊಳಗೆ ಲೋಳೆ ಉಳಿದಿದೆ ಅಂತ, ಅದಕ್ಕೆ ನಿಮ್ಮ ಮಷಿನ್ ಪುಸ್ತಕದಲ್ಲಿ ಯಾವ ಸ್ಯಾನಿಟೈಸರ್ ಹಾಕ್ಬಹುದು ಅಂತ ಬರೆದಿರ್ತಾರೋ ಅದನ್ನೇ ಹಾಕಿ ಒಂದು ಸುತ್ತು ಓಡಿಸ್ಬೇಕಾಗುತ್ತೆ.