ಗುಂಡಿಬೈಲಿಗೆ ಆ ಹೆಸರು ಸುಮ್ಮನೆ ಬಂದಿಲ್ಲ

ಜುಲೈ ತಿಂಗಳ ಸಂಜೆ ಉಡುಪಿಯಲ್ಲಿ ಸ್ಕೂಟರ್ ಓಡಿಸುವವರಿಗೆ ಇದು ಗೊತ್ತು: ಮಳೆ ಬಿದ್ದ ಕೂಡಲೇ ರಸ್ತೆಯ ಮೇಲಿನ ಪಟ್ಟೆ, ಅಕ್ಷರ ಎಲ್ಲವೂ ಮಾಯ. ಬೇಸಿಗೆಯಲ್ಲಿ ಹೆಡ್‌ಲೈಟಿಗೆ ಹೊಳೆಯುತ್ತಿದ್ದ ‘ನಿಧಾನ’ ಬೇಕಾದ ದಿನವೇ ಕಾಣುವುದಿಲ್ಲ. ಗುತ್ತಿಗೆದಾರನನ್ನು ಬೈಯುವುದು ನಮ್ಮ ರೂಢಿ. ಎಷ್ಟೋ ಸಲ ಅದು ನ್ಯಾಯವೂ ಹೌದು. ಆದರೆ ಇಲ್ಲಿ ತಪ್ಪು ನೀರಿನದು.

ಬಿಸಿಲಿದ್ದ ದಿನ ಆ ಅಕ್ಷರವನ್ನು ಬಗ್ಗಿ ನೋಡಿ. ಅದು ಕುಂಚದಲ್ಲಿ ಬಳಿದ ಬಣ್ಣವಲ್ಲ, ಕಾಯಿಸಿ ಕರಗಿಸಿ ಎರೆದ ಪ್ಲಾಸ್ಟಿಕ್ ಪದರ. ಬಿಸಿ ಆರುವ ಮೊದಲು ಅದರ ಮೇಲೆ ಗಾಜಿನ ಮಣಿಗಳನ್ನು ಉದುರಿಸಿರುತ್ತಾರೆ. ಬಹುಪಾಲು ಮಣಿಗಳು ಒಂದು ಮಿಲಿಮೀಟರಿಗಿಂತ ಚಿಕ್ಕವು, ಬೆರಳಾಡಿಸಿದರೆ ಸಕ್ಕರೆ ಚೆಲ್ಲಿದ ಹಾಗೆ ತರಿತರಿ. ಬೆಳಕು ಮಣಿಯೊಳಗೆ ಬಾಗಿ, ತಳದ ಬಣ್ಣಕ್ಕೆ ತಾಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮಣಿಗಳ ಮೇಲೆ ನೀರು ನಿಂತರೆ ರಸ್ತೆಯೇ ಕನ್ನಡಿಯಾಗುತ್ತದೆ. ಬೆಳಕು ಮುಂದಕ್ಕೆ ಜಾರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ, ನಮ್ಮ ಪಾಲಿಗೆ ಉಳಿಯುವುದು ಕಪ್ಪು ಡಾಂಬರು.

ಆ ಅಕ್ಷರಗಳಿಗೆ ಕೊಕ್ಕರೆಯ ಕಾಲಿನಂಥ ಉದ್ದವೇಕೆ ಎಂಬುದಕ್ಕೂ ಲೆಕ್ಕವಿದೆ. ಚಾಲಕನ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿದ್ದು, ಅಕ್ಷರ 30 ಮೀಟರ್ ದೂರದಲ್ಲಿದ್ದರೆ, ಎರಡೂವರೆ ಮೀಟರ್ ಉದ್ದದ ಬರಹ ಅವನಿಗೆ ಹತ್ತು ಸೆಂಟಿಮೀಟರ್ ಎತ್ತರದ ಹಲಗೆಯಷ್ಟೇ ಕಾಣುತ್ತದೆ. ‘ರಸ್ತೆ’ಯಂಥ ಪದವಾದರೆ ಒತ್ತಕ್ಷರಕ್ಕೂ ಅದರಲ್ಲೇ ಜಾಗ ಬಿಡಬೇಕು. ‘ನಿಧಾನ’ಕ್ಕೆ ಆ ಕಷ್ಟವಿಲ್ಲ.

ಮಳೆಗೆ ಅಕ್ಷರ ಹೋಗುತ್ತದೆ. ಅದೇ ಮಳೆಗೆ ಊರಿನ ಹಳೆಯ ಹೆಸರುಗಳಿಗೆ ಜೀವ ಬರುತ್ತದೆ.

ಉಡುಪಿಯ ಕಲ್ಸಂಕವನ್ನೇ ನೋಡಿ. ಇಂದು ಅದು ವಾಹನಗಳು ಸಿಕ್ಕಿಹಾಕಿಕೊಳ್ಳುವ ವೃತ್ತ. ಹೆಸರು ಮಾತ್ರ ಕಲ್ಲಿನ ಸಂಕ, ಅಂದರೆ ಕಲ್ಲಿನ ಸೇತುವೆ. ಹಳ್ಳಿಗಳಲ್ಲಿ ಅಡಕೆ ಮರ ಹಾಸಿದ ಕಾಲುಸಂಕ ದಾಟಿದವರಿಗೆ ಪದದ ಅರ್ಥ ಹೇಳಬೇಕಾಗಿಲ್ಲ. ಕೆಳಗೆ ಹರಿಯುವುದು ಇಂದ್ರಾಣಿ. ವರ್ಷದ ಬಹುಪಾಲು ದಿನ ಅದನ್ನು ಚರಂಡಿಯೆಂದೇ ತಿಳಿದು ಮೂಗು ಮುಚ್ಚಿಕೊಂಡು ಹೋಗುತ್ತೇವೆ. 2020ರ ಸೆಪ್ಟೆಂಬರ್ 20ರಂದು ಅದು ತಾನು ಹೊಳೆಯೆಂದು ನೆನಪಿಸಿತು. ಕಲ್ಸಂಕ, ಬೈಲಕೆರೆ, ಗುಂಡಿಬೈಲುಗಳಲ್ಲಿ ಮನೆ, ಅಂಗಡಿಗಳಿಗೆ ನೀರು ನುಗ್ಗಿತು.

ಆ ಹೆಸರುಗಳನ್ನು ಇನ್ನೊಮ್ಮೆ ಓದಿ: ಬೈಲು, ಕೆರೆ, ಗುಂಡಿ. ಕರಾವಳಿಯ ರೈತರು ಗದ್ದೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಿದ್ದರು. ತಗ್ಗಿನಲ್ಲಿರುವುದು ಬೈಲು. ಅಲ್ಲಿ ನೀರು ಕೊನೆಯವರೆಗೂ ಉಳಿಯುವುದರಿಂದ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದು. ನಡುವಿನದು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲಿನದು ಬೆಟ್ಟು, ಮಳೆಯನ್ನೇ ನಂಬಿದ ಒಂದೇ ಬೆಳೆ. ಇದು ಬೆಟ್ಟವಲ್ಲ, ಪಕ್ಕದ ಬೈಲಿಗಿಂತ ಎತ್ತರ, ಅಷ್ಟೇ. ಹಾಗಾಗಿ ‘ಬೆಟ್ಟು’ ಎಂದಿದೆಯಲ್ಲ ಎಂದು ಧೈರ್ಯದಿಂದ ಸೈಟು ಕೊಳ್ಳಬೇಡಿ.

ಈ ಮೆಟ್ಟಿಲುಗಳನ್ನು ಕಟ್ಟಿದ್ದು ಮುರಕಲ್ಲು. ಸೂಜಿ ಚುಚ್ಚಿದಂತೆ ತೂತುಗಳಿರುವ ಈ ಕೆಂಪು ಕಲ್ಲು ಮೇಲೆ ಬಿದ್ದ ಮಳೆಯನ್ನು ಇಂಗಿಸಿಕೊಂಡು ಗುಡ್ಡದ ಬುಡದಲ್ಲಿ ಒಸರಾಗಿ ಬಿಡುತ್ತದೆ. ಒಸರಿನ ನೀರು, ಮೇಲಿಂದ ಕೊಚ್ಚಿ ಬಂದ ಜಿಗುಟು ಮಣ್ಣು, ಎರಡೂ ಸೇರುವ ಜಾಗವೇ ಬೈಲು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದಕ್ಕಿಂತ ಮುಖ್ಯವಾದ ವಿಳಾಸ ಇನ್ನೊಂದಿರಲಿಲ್ಲ. ಮಣಿಪಾಲವೂ ಮೂಲದಲ್ಲಿ ಮಣ್ಣಪಳ್ಳ. ಪಳ್ಳವೆಂದರೆ ಕೆರೆ. ಮಣಿಯೂ ಇಲ್ಲ, ಪಾಲೂ ಇಲ್ಲ. ಕೆರೆ ಮಾತ್ರ ಅಲ್ಲೇ ಇದೆ, ಬೆಳಿಗ್ಗೆ ಜನ ಅದರ ಸುತ್ತ ನಡೆಯುತ್ತಾರೆ.

ಮಂಗಳೂರಿಗೆ ಬಂದರೆ ಪಡೀಲ್. ಉಳುಮೆ ಬಿಟ್ಟ ಭೂಮಿಗೆ ತುಳುವಿನಲ್ಲಿ ಪಡೀಲು, ಇಲ್ಲಿನ ಕನ್ನಡದಲ್ಲಿ ಹಡಿಲು. ಕನ್ನಡ ‘ಪ’ವನ್ನು ‘ಹ’ ಮಾಡಿಕೊಂಡು ಮುಂದೆ ಹೋಯಿತು, ತುಳು ಹಳೆಯದನ್ನೇ ಹಿಡಿದುಕೊಂಡಿತು: ನಮಗೆ ಹೊಸದು, ಅವರಿಗೆ ಪೊಸ. ಶತಮಾನಗಳ ಈ ಕವಲನ್ನು ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಕಂಡಕ್ಟರ್ ದಿನಕ್ಕೆ ನೂರು ಸಲ ಕೂಗುತ್ತಾನೆ. ಪಂಪ್‌ವೆಲ್ಲಿಗೆ ಮಹಾವೀರ ವೃತ್ತ ಎಂಬ ಅಧಿಕೃತ ಹೆಸರಿದೆ, ಜ್ಯೋತಿ ಟಾಕೀಸಿನ ವೃತ್ತಕ್ಕೆ ಅಂಬೇಡ್ಕರ್ ವೃತ್ತ. ಫಲಕಗಳೂ ಇವೆ. ಆದರೂ ಇಳಿಯುವವರು ಕೇಳುವುದು ಪಂಪಿದ್ದ ಬಾವಿಯನ್ನು, ಚಿತ್ರಮಂದಿರವನ್ನು. ಹೆಸರಿಡುವ ಗೌರವ ದೊಡ್ಡದೇ, ಆದರೆ ನಾಲಿಗೆಗೆ ಬೇಕಾದದ್ದು ಗುರುತು.

ಕಳೆದ ಮಳೆಗಾಲದಲ್ಲಿ ಉಡುಪಿಯ ಬೈಲೊಂದರ ಹತ್ತಿರ ಮಳೆಗೆ ನಿಂತಿದ್ದೆ. ಕೆಂಪು ಮಣ್ಣು ತುಂಬಿಸಿ ಎಬ್ಬಿಸಿದ ಹೊಸ ಅಪಾರ್ಟ್‌ಮೆಂಟಿನ ಫಲಕದಲ್ಲಿ ‘ಹೈಟ್ಸ್’ ಎಂಬ ಚಿನ್ನದ ಬಣ್ಣದ ಅಕ್ಷರಗಳು. ಕೆಳಗೆ ಪಾರ್ಕಿಂಗಿನಲ್ಲಿ ಎರಡು ಪಂಪುಗಳು ಓಡುತ್ತಿದ್ದವು. ಎಳೆದ ನೀರನ್ನು ರಸ್ತೆಗೆ ಬಿಡುತ್ತಿದ್ದರು. ಅದು ರಸ್ತೆ ದಾಟಿ, ಪಕ್ಕದಲ್ಲಿ ಉಳಿದಿದ್ದ ಒಂದೇ ಒಂದು ಗದ್ದೆಗೆ ಇಳಿಯುತ್ತಿತ್ತು.